ಬುಧವಾರದ ವೇಗ

ಹಳೆ ಪಂಪು ಬಿಚ್ಚುವಾಗ
ನಾಲ್ಕು ಬೋಲ್ಟಿನಲ್ಲಿ ಮೂರೇ ಬಂದವು.
ನಾಲ್ಕನೆಯದನ್ನು ಗರಗಸದಲ್ಲಿ ಕೊಯ್ದ ಸನೀಶ,
ಪಯ್ಯನ್ನೂರಿನ ಹುಡುಗ, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು.
"ಎಷ್ಟು ವರ್ಷವಾಯ್ತು ಐತಪ್ಪಣ್ಣ ಇದಕ್ಕೆ?"
ಹತ್ತೊಂಬತ್ತು.
"ಒಂದೇ ಸ್ಪೀಡಿನಲ್ಲಾ!"
ಮತ್ತೆಂತ, ಒಂದೇ ಸ್ಪೀಡು.
ಬೆಳಗ್ಗೆ ಆರಕ್ಕೆ ಹಸಿರು ಗುಂಡಿ, ರಾತ್ರಿ ಎಂಟಕ್ಕೆ ಕೆಂಪು,
ನಡುವೆ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಉಪ್ಪಳ ಗೇಟಿನಲ್ಲಿ ಬಸ್ಸಿಳಿದರೆ ಕೇಳುತ್ತಿತ್ತು ಅದರ ಸ್ವರ.
ಗಾಳಿಮರದ ಎಲೆ ಬುಟ್ಟಿಗೆ ಸಿಕ್ಕಿದರೆ ಗಂಟಲು ಕಟ್ಟುವುದು,
ಪೈಪಿಗೆ ಗಾಳಿ ಹೊಕ್ಕರೆ ಒಣಕೆಮ್ಮು.
ಮನೆಯಲ್ಲಿ ಉಣ್ಣುತ್ತಾ ಕೂತವನು
ಅನ್ನ ಬಿಟ್ಟು ಎದ್ದು ಓಡಿದ್ದುಂಟು.
"ನಿಮ್ಮ ಹತ್ತಿರ ಮಾತಾಡುವುದೆಂದರೆ
ಬಾವಿಗೆ ಬಗ್ಗಿ ಕೂಗಿದ ಹಾಗೆ"
ಅನ್ನುತ್ತಾಳೆ ಹೆಂಡತಿ. ಎಡಗಿವಿ ಆಗಲೇ ಹೋಗಿತ್ತು.

ಹೊಸದು ಬಂತು, ಥರ್ಮೋಕೋಲಿನ ತೊಟ್ಟಿಲಲ್ಲಿ.
ನೆತ್ತಿಯ ಮೇಲೊಂದು ನೀಲಿ ಪರದೆ, ಬಾಣದ ಗುರುತು ಎರಡು.
ಅರ್ಧ ವೇಗಕ್ಕೆ ಇಳಿಸಿದರೆ
ಕರೆಂಟು ಎಂಟರಲ್ಲಿ ಒಂದು ಪಾಲು ಸಾಕಂತೆ.
ಅದು ಹೇಗೆ ಮಾರಾಯ,
ಅರ್ಧ ದುಡಿದವನಿಗೆ ಅರ್ಧ ಕೂಲಿ, ಅದಲ್ಲವಾ ಲೆಕ್ಕ?
ಸನೀಶ ಗೋಡೆಗೇ ಪೆನ್ಸಿಲಿನಲ್ಲಿ ಬರೆದ:
ಅರ್ಧದ ಅರ್ಧದ ಅರ್ಧ.
"ಆದರೆ ರಾತ್ರಿ ಹಗಲು ಓಡಲಿ ಬಿಡಿ. ಮೆಲ್ಲ, ಆದರೆ ಉದ್ದ."
ಅಳಿಸಲಿಲ್ಲ ನಾನು. ಈಗಲೂ ಉಂಟು ಗೋಡೆಯಲ್ಲಿ.

ಚಾಲೂ ಮಾಡಿದ. ಏನೂ ಕೇಳಲಿಲ್ಲ.
ಕೈಯಿಟ್ಟು ನೋಡಿದೆ,
ಮಲಗಿದ ಬೆಕ್ಕಿನ ಹೊಟ್ಟೆಯ ಹಾಗೆ ಅಷ್ಟೇ ಅಷ್ಟು ನಡುಕ.
ಹಳೆಯದು ಗುಜಿರಿಯವನಿಗೆ ಕಾಯುತ್ತಾ
ಗೇರುಮರದ ಬುಡದಲ್ಲಿ ಕವುಚಿ ಬಿದ್ದಿದೆ.

ಬುಧವಾರ ನಾಲ್ಕರಿಂದ ಐದು ಹೆಂಗಸರ ಕ್ಲಾಸು.
ಕೊಳದ ಸುತ್ತ ನೀಲಿ ಟಾರ್ಪಾಲು, ಗೇಟಿಗೆ ಬೀಗ,
ಪಂಪಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಾನು.
ಮೂರು ವರ್ಷದಿಂದ ಇದೇ ಕ್ರಮ.
ಆ ದಿನ ಮೊದಲ ಸಲ ಕೇಳಿದೆ:
ಜಲಜಾಕ್ಷಿ ಟೀಚರು, ಪೆನ್ಷನಾದವರು,
ನೀರಿಗೆ ಕಾಲಿಟ್ಟು "ಅಬ್ಬಬ್ಬಬ್ಬಾ" ಅಂದದ್ದು.
ರುಖಿಯಾತ್ತ ನಕ್ಕದ್ದು
(ಅವರು ನಗುತ್ತಾರೆಂದೇ ನನಗೆ ಗೊತ್ತಿರಲಿಲ್ಲ).
ಮತ್ತೆ ಯಾರೋ, ಸಣ್ಣ ಪ್ರಾಯದ ಸ್ವರ,
ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ
ಅತ್ತೆ ಬಂಗಾರ ಅಡವಿಟ್ಟ ಕತೆಗೆ ತೊಡಗಿ
ನಡುವಿನಲ್ಲೇ ನಿಂತಳು.
"ಶ್... ಪಂಪು ಆಫಾ?"
"ಒಳಗೆ ಐತಪ್ಪ ಇದ್ದಾರಾ?"

ಆಮೇಲೆ ಆ ಗಂಟೆಯಿಡೀ ನೀರಿನದ್ದೊಂದೇ ಸದ್ದು.
ನನ್ನ ಬಲಗಿವಿ ನನಗೇ ಕಳ್ಳನ ಹಾಗೆ ಕಂಡಿತು.
ಕೆಮ್ಮಿದರೆ ಇದ್ದೇನೆಂದು ಗೊತ್ತಾಗುತ್ತದೆ,
ಕೆಮ್ಮದಿದ್ದರೆ ಅದು ಇನ್ನೂ ಹಾಳು.

ಟಾರ್ಪಾಲು ಎರಡಿತ್ತು ಅಲ್ಲಿ.
ಒಂದನ್ನು ನಾವು ಕಟ್ಟಿದ್ದೆವು.

ಮುಂದಿನ ವಾರ ನಾಲ್ಕಕ್ಕೆ ಹತ್ತು ನಿಮಿಷ ಮೊದಲು
ಟೀಚರು ಬಾಗಿಲ ಹೊರಗೆ ನಿಂತರು.
ಕ್ಲೋರಿನ್ ಡಬ್ಬಿಯ ಹತ್ತಿರ ಮಾತಾಡುವವರ ಹಾಗೆ
"ಆ ಹೊಸದಕ್ಕೆ... ಸ್ವಲ್ಪ ಶಬ್ದ ಬರುವುದಿಲ್ಲವಾ?"

ಬರುತ್ತದೆ ಟೀಚರೇ.
ಮೇಲುಮುಖದ ಬಾಣ ಒತ್ತಿ ಹಿಡಿದೆ.
ಸಾವಿರದ ಇನ್ನೂರು, ಎರಡು ಸಾವಿರ,
ಮೂರು ಸಾವಿರದ ನಾನೂರ ಐವತ್ತು.
ಕೂಗಿತು. ಹಳೆಯದರ ಸ್ವರವಲ್ಲ,
ಮೀಸೆ ಬಾರದವನ ಕೀರಲು ಗಂಟಲು, ಆದರೂ ಸಾಕು.
ಆಚೆಯದು ಒಂದಕ್ಷರ ಕೇಳಲಿಲ್ಲ.
ಬುಟ್ಟಿಯ ಗಾಜಿನ ಮುಚ್ಚಳದೊಳಗೆ
ನೀರು ಸುಮ್ಮನೆ ಕುಣಿಯುತ್ತಿತ್ತು.

ತಿಂಗಳ ಕೊನೆಗೆ ಮೊಯ್ದು ಹಾಜಿಯವರು
ಫೋನಿನಲ್ಲಿ ಗೆರೆಯ ಚಿತ್ರ ತೋರಿಸಿದರು.
"ಎಲ್ಲಾ ದಿನ ಗದ್ದೆಯ ಹಾಗೆ ಚಪ್ಪಟೆ.
ಬುಧವಾರ ನಾಲ್ಕಕ್ಕೆ ಮಾತ್ರ ಇದೆಂತ ಗುಡ್ಡ?"
ಪುಸ್ತಕ ಬಿಡಿಸಿ ಕೊಟ್ಟೆ.
ಹೊತ್ತು, ವೇಗ, ಕಾರಣ, ಮೂರೂ ಮನೆ ತುಂಬಿಸಿದ್ದೆ.
ಕಾರಣ: ಫಿಲ್ಟರು ತೊಳೆದದ್ದು.

"ಒಂದು ಗಂಟೆಯಾ?"

ನೀರು ಹಾಗುಂಟು ಹಾಜಿಯವರೇ, ಅಂದೆ.